ಕರಟದ ಐಸು

ನನ್ನ ಹೆಂಡತಿ ಜಯಲಕ್ಷ್ಮಿ ಮೂರನೆಯ ಸಲ ಬಸುರಿಯಾದಾಗ ನಾವು ಯಾರಿಗೂ ಹೇಳಲಿಲ್ಲ. ಮೊದಲೆರಡು ಸಲ ಹೇಳಿ ಅನುಭವಿಸಿದ್ದೆವು. ಮೊದಲನೆಯದು ನಾಲ್ಕನೇ ತಿಂಗಳಿಗೆ ಹೋಯಿತು. ಎರಡನೆಯದು ಇಪ್ಪತ್ತೆರಡನೇ ವಾರದಲ್ಲಿ, ಇನ್ನೇನು ಗಂಡಾಂತರ ಕಳೆಯಿತು ಎಂದು ನಾವು ತೊಟ್ಟಿಲಿನ ಮಾತಾಡತೊಡಗಿದ್ದಾಗ ಹೋಯಿತು. ಎರಡು ಸಲವೂ ನೈರೋಬಿಯ ಕನ್ನಡದವರೆಲ್ಲ ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು, ಸೋಫಾದ ಮೇಲೆ ಕೂತರು, ದನಿ ತಗ್ಗಿಸಿ ನನ್ನನ್ನು ಕೇಳಿದರು: “ಏನಾದ್ರೂ ತಿಂದ್ಬಿಟ್ಟಿದ್ರಾ?” ಜಯಾ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ನಡುವೆ ಇದ್ದದ್ದು ಒಂದು ತೆಳು ಪ್ಲೈವುಡ್ ಬಾಗಿಲು.

ಮೈಸೂರಿನಿಂದ ಅಮ್ಮನ ನೀಲಿ ಏರೋಗ್ರಾಮ್ ಬಂತು. ಅದರಲ್ಲೂ ಮೊದಲ ಸಾಲು ಸಮಾಧಾನ, ಎರಡನೆಯ ಸಾಲು ವಿಚಾರಣೆ. ‘ಏನು ತಿಂದಿದ್ದಳು? ಪರಂಗಿ ಹಣ್ಣೇ? ಅನಾನಸ್ಸೇ? ಎಳ್ಳುಂಡೆ ಏನಾದರೂ?’ ಎರಡನೆಯ ಸಲವೂ ಅದೇ ಕೈಬರಹ, ಅದೇ ಪ್ರಶ್ನೆ. ನಾನು ಆ ಎರಡೂ ಪತ್ರಗಳನ್ನು ಹರಿದು ಬಿಸಾಡಿದೆ. ಆದರೆ ಜಯಾ ಅಷ್ಟರಲ್ಲಿ ಓದಿಯಾಗಿತ್ತು.

ನಾನು ಭೌತಶಾಸ್ತ್ರದ ಮೇಷ್ಟ್ರು. ಹೆಸರು ರಾಮಚಂದ್ರ. ಹದಿನಾಲ್ಕು ವರ್ಷದಿಂದ ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಕಪ್ಪುಹಲಗೆ ಒರೆಸಿ ಒರೆಸಿ ಮೂಗಿಗೆ ವಾಸನೆ ಹಿಡಿಯುವ ಶಕ್ತಿ ಮುಕ್ಕಾಲು ಹೋಗಿದೆ. ಆದರೆ ಮೂಗಿನ ತುದಿಯ ಕೋಪಕ್ಕೆ ಏನೂ ಆಗಿಲ್ಲ. ಗ್ರಹಣದ ದಿನ ಊಟ ಬಿಡುವವರು, ಬೆಕ್ಕು ಅಡ್ಡ ಬಂದರೆ ಕಾರು ನಿಲ್ಲಿಸುವವರು, ಇಂಥವರ ಜೊತೆ ಜಗಳವಾಡಿ ನಾನು ಕನ್ನಡ ಸಂಘದ ಅರ್ಧ ಸ್ನೇಹ ಕಳೆದುಕೊಂಡಿದ್ದೇನೆ. ಮೂಢನಂಬಿಕೆ ನನ್ನ ಮನೆಯ ಹೊಸಿಲು ದಾಟುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈ ಎದೆ ತಟ್ಟುವ ಅಭ್ಯಾಸ ಎಲ್ಲಿಗೆ ಬಂತು ಎನ್ನುವುದನ್ನೇ ಈಗ ಹೇಳುತ್ತಿದ್ದೇನೆ.

ಅದು ೧೯೮೮ರ ಜನವರಿ ಕೊನೆ. ಮೂರನೆಯ ತಿಂಗಳು. ಜಯಾಳಿಗೆ ಅನ್ನ ನಿಲ್ಲುತ್ತಿರಲಿಲ್ಲ, ಗಂಜಿ ನಿಲ್ಲುತ್ತಿರಲಿಲ್ಲ, ಕೊನೆಗೆ ನೀರೂ ನಿಲ್ಲದಾಯಿತು. ಒಗ್ಗರಣೆಯ ವಾಸನೆಗೆ ವಾಂತಿ, ಸೋಪಿನ ವಾಸನೆಗೆ ವಾಂತಿ. ನಾವಿದ್ದದ್ದು ಎನ್ಗಾರಾ ಬಡಾವಣೆಯ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ನಮ್ಮ ಮೇಲಿನ ಮನೆಯ ಕ್ಲೋಟಿಲ್ಡಾ ಬಾಯಿ ಮಂಗಳೂರಿನವರು, ಗಿಗಿರಿಯ ಒಂದು ಆಫೀಸಿನಲ್ಲಿ ಸೆಕ್ರೆಟರಿ. ಮಹಾ ಬಾಯಿಬಡುಕಿ, ಆದರೆ ಬಂಗಾರದಂಥ ಹೆಂಗಸು. ನಾವು ಏನೂ ಹೇಳದಿದ್ದರೂ ಬಚ್ಚಲುಮನೆಯ ಸದ್ದು ಕೇಳಿಯೇ ಅವರಿಗೆ ಗೊತ್ತಾಗಿತ್ತು. ಯಾರಿಗೂ ಹೇಳದೆ, ನಮಗೂ ಹೇಳದೆ, ಅವರು ಮನೆಯಲ್ಲಿ ಮೀನು ಮಾಡುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಮಂಗಳೂರಿನವರು ಮೂರು ವಾರ ಮೀನು ಬಿಟ್ಟರು ಅಂದರೆ ಅದು ಸಣ್ಣ ತ್ಯಾಗವಲ್ಲ.

ಜಯಾಳನ್ನು ನೋಡುತ್ತಿದ್ದದ್ದು ಅಪ್ಪರ್ ಹಿಲ್ಲಿನ ಒಂದು ಆಸ್ಪತ್ರೆಯ ಡಾಕ್ಟರ್ ವಲೇರಿಯನ್. ಅವರೂ ಮಂಗಳೂರಿನವರೇ. ತೂಕ ನೋಡಿ ತಲೆಯಾಡಿಸಿದರು.

“ಆರು ಕಿಲೋ ಇಳಿದಿದೆ. ಸೋಮವಾರದವರೆಗೆ ನೋಡುವ. ಹೊಟ್ಟೆಯಲ್ಲಿ ನೀರು ನಿಲ್ಲದಿದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಲೇಬೇಕು.”

ಕಾರಿನಲ್ಲಿ ಜಯಾ ನನ್ನ ತೋಳು ಹಿಡಿದಳು. “ಆ ವಾರ್ಡಿಗೆ ಮಾತ್ರ ಬೇಡ ರೀ. ಎರಡು ಸಲ ಹೋಗಿ ಎರಡು ಸಲವೂ ಬರಿಗೈಲಿ ಬಂದಿದೀನಿ. ಮೂರನೇ ಸಲ ಆ ಮಂಚ ನೋಡಿದ್ರೆ ನನಗೆ ಅಲ್ಲೇ ಎದೆ ಒಡೆದುಹೋಗುತ್ತೆ.”

ಅಂದು ಶುಕ್ರವಾರ. ಸಂಜೆ ಕ್ಲೋಟಿಲ್ಡಾ ಬಾಯಿ ಒಂದು ಆಫೀಸು ಲಕೋಟೆ ಬೀಸಿಕೊಂಡು ಇಳಿದು ಬಂದರು.

“ನೋಡಿ ಮಾಸ್ಟ್ರೆ, ನಮ್ಮ ಆಫೀಸಲ್ಲಿ ಎಲೆನಾ ಅಂತ ಒಬ್ಬಳು ಇದ್ದಾಳೆ, ಮೆಕ್ಸಿಕೋದವಳು. ಅವಳಿಗೂ ಬಸುರಿನಲ್ಲಿ ಹೀಗೆಯೇ ಇತ್ತಂತೆ. ಐಸ್ ಕೆರೆದು, ಮೇಲಿನಿಂದ ಹಣ್ಣಿನ ಪಾಕ ಹಾಕಿ ತಿಂದದ್ದಂತೆ, ನಾಲ್ಕು ತಿಂಗಳು. ಬೇರೆ ಎಂತದೂ ಇಳೀತಿರಲಿಲ್ಲ. ಈಗ ಅವಳ ಮಗ ನೋಡಿ, ಕೋಣದ ಹಾಗೆ ಇದ್ದಾನೆ.”

“ಬಸುರಿಗೆ ಐಸಾ? ಶೀತ ಆಗಲ್ವಾ?” ಎಂದುಬಿಟ್ಟೆ.

ಹಾಸಿಗೆಯಿಂದ ಜಯಾ ತಲೆಯೆತ್ತಿ ನನ್ನನ್ನೇ ನೋಡಿದಳು. ಮೂಢನಂಬಿಕೆಯ ಶತ್ರುವಾದ ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಲಕೋಟೆ ತೆಗೆದುಕೊಂಡೆ.

ಅದರ ಬೆನ್ನಿನ ಮೇಲೆ ಎಲೆನಾ ದುಂಡಗೆ ಬರೆದಿದ್ದಳು. ಅವಳ ಊರಿನ ಬೀದಿಗಳಲ್ಲಿ ಗಾಡಿಯವರು ದೊಡ್ಡ ಐಸುಗಡ್ಡೆಯನ್ನು ಕೈಯಲ್ಲೇ ಕಬ್ಬಿಣದ ಅಲಗಿನಿಂದ ಕೆರೆಯುತ್ತಾರಂತೆ. ಹೆಸರು ರಸ್ಪಾದೋ. ನಮ್ಮೂರಿನ ಬಣ್ಣದ ನೀರಿನ ಐಸಲ್ಲ ಅದು. ಹಣ್ಣಿನ ತಿರುಳನ್ನು ಬೆಲ್ಲ, ಒಂದು ತುಂಡು ಚಕ್ಕೆ ಹಾಕಿ ಕುದಿಸಿ, ಮಂದ ಪಾಕ ಮಾಡಿ ಸುರಿಯಬೇಕು. ಪಾಕ ತೆಳ್ಳಗಾದರೆ ಐಸು ಕರಗಿ ಪಾನಕವಾಗುತ್ತದೆ. ಕೊನೆಯಲ್ಲಿ ನಿಂಬೆರಸ, ಚಿಟಿಕೆ ಉಪ್ಪು. ಬೆಲ್ಲದ ಪಾಕದ ವಿಷಯಕ್ಕೆ ಮೈಸೂರಿನವನಿಗೆ ಮೆಕ್ಸಿಕೋದವಳು ಹೇಳಿಕೊಡಬೇಕಾಗಿರಲಿಲ್ಲ. ಎರಡು ಮಾವಿನಹಣ್ಣು ಹಿಂಡಿ ಒಂದೆಳೆ ಪಾಕ ತೆಗೆದೆ. ನಮಗಿದ್ದ ಕಷ್ಟವೆಲ್ಲ ಐಸಿನದು.

ಶನಿವಾರ ಬೆಳಿಗ್ಗೆ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಲಾರಿಗಳ ನಡುವೆ ಒಂದು ಗಂಟೆ ಕಾದು ಐಸು ಫ್ಯಾಕ್ಟರಿಯಿಂದ ಒಂದು ಗಡ್ಡೆ ತಂದೆ. ಗೋಣಿಚೀಲ ಬಿಚ್ಚಿದೊಡನೆ ಜಯಾ ಬಾಯಿಗೆ ಕೈ ಇಟ್ಟು ಬಚ್ಚಲಿಗೆ ಓಡಿದಳು. ಅದು ಮೀನು ಇಡುವ ಐಸಂತೆ. ನನಗೆ ವಾಸನೆಯೇ ಬಂದಿರಲಿಲ್ಲ. ಆಮೇಲೆ ಫ್ರಿಜ್ಜಿನ ಟ್ರೇಯ ಐಸನ್ನು ಟವೆಲ್ಲಿನಲ್ಲಿ ಸುತ್ತಿ ಲಟ್ಟಣಿಗೆಯಿಂದ ಚಚ್ಚಿದೆ. ಜಲ್ಲಿಕಲ್ಲಾಯಿತು. ಒಂದು ಚೂರು ಬಾಯಿಗಿಟ್ಟುಕೊಂಡು ಅವಳು ಉಗಿದಳು. ಲಟ್ಟಣಿಗೆ ಎಸೆದು ಮೆಕ್ಸಿಕೋವನ್ನೂ ಗಿಗಿರಿಯನ್ನೂ ಬೈದೆ. ನನಗೆ ಸಿಟ್ಟು ಬರುವುದು ಹೆದರಿಕೆಯಾದಾಗಲೇ, ಇದು ಜಯಾಳಿಗೆ ಗೊತ್ತು.

“ತುರಿಮಣೆ ಇದೆಯಲ್ರೀ,” ಎಂದಳು ಮೆಲ್ಲಗೆ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಮದುವೆಯಾದ ವರ್ಷ ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ವಿಮಾನದಲ್ಲಿ ತಂದ ತುರಿಮಣೆ ಅದು. ಮರದ ಮಣೆ, ಮುಂದೆ ಬಾಗಿದ ಅಲಗು, ತುದಿಯಲ್ಲಿ ಹಲ್ಲಿನ ಬಿಲ್ಲೆ. ಆದರೆ ತುರಿಮಣೆಗೆ ಐಸಿನ ಗಡ್ಡೆ ಒಗ್ಗುವುದಿಲ್ಲ, ಜಾರುತ್ತದೆ. ಹಿಡಿಯಲು ಹೋಳು ಬೇಕು. ಆಗ ಹೊಳೆಯಿತು. ಕಾಯಿ ತುರಿದು ಬಿಸಾಡಲಿಟ್ಟಿದ್ದ ನಾಲ್ಕು ಕರಟಗಳನ್ನು ತೊಳೆದು, ಲೋಟದ ಬಾಯಿಯ ಮೇಲೆ ಒಂದೊಂದನ್ನೇ ಕೂರಿಸಿ, ಕಾಯಿಸಿ ಆರಿಸಿದ ನೀರು ತುಂಬಿ ಫ್ರೀಜರಿನಲ್ಲಿಟ್ಟೆ. ಸಂಜೆಗೆ ಕಾಯಿಹೋಳಿನಂಥ ಐಸಿನ ಹೋಳುಗಳು ಸಿದ್ಧವಾದವು.

ಆಮೇಲಿನದು ಶುದ್ಧ ಭೌತಶಾಸ್ತ್ರ. ಫ್ರೀಜರಿನಿಂದ ತೆಗೆದೊಡನೆ ತುರಿದರೆ ಐಸು ಚಟಪಟ ಸೀಳುತ್ತದೆ. ಐದು ನಿಮಿಷ ಹೊರಗಿಟ್ಟು, ಮೇಲ್ಮೈ ಬೆವರಿ ಹೊಳೆಯತೊಡಗಿದ ಮೇಲೆ ತುರಿದರೆ ಹೂವಿನಂತೆ ಉದುರುತ್ತದೆ. ಕೈ ಮರಗಟ್ಟದಂತೆ ಹಳೆಯ ಉಲ್ಲನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು, ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕರಕರ ತುರಿದೆ. ತಟ್ಟೆಯಲ್ಲಿ ಬಿದ್ದದ್ದನ್ನು ಬಟ್ಟಲಿಗೆ ತುಂಬಿ ಮೇಲೆ ಮಾವಿನ ಪಾಕ ಹಾಕಿದೆ. ಅದು ಇಳಿಯದೆ ಅಲ್ಲೇ ನಿಂತಿತು.

ಜಯಾ ಒಂದು ಚಮಚ ತಿಂದಳು. ನಾನು ಗಡಿಯಾರ ನೋಡಿದೆ. ಎರಡನೆಯ ಚಮಚ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬಟ್ಟಲು ಖಾಲಿಯಾಯಿತು. ಅರ್ಧ ಗಂಟೆಯಾದರೂ ಬಚ್ಚಲಿಗೆ ಓಡಲಿಲ್ಲ. “ಇನ್ನೊಂದ್ ಕರಟ ಇದೆಯಾ?” ಎಂದು ಕೇಳಿದಳು. ಸಂತೋಷಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಮೇಲಿನ ಮನೆಗೆ ಕೇಳುವಂತೆ ಛಾವಣಿಗೆ ಪೊರಕೆಯಿಂದ ಕುಟ್ಟಿದೆ. ಅತ್ತಲಿಂದ ಕ್ಲೋಟಿಲ್ಡಾ ಬಾಯಿಯೂ ನೆಲ ಕುಟ್ಟಿದರು.

ಸೋಮವಾರ ಡ್ರಿಪ್ ಬೇಕಾಗಲಿಲ್ಲ. ಅಂದಿನಿಂದ ದಿನಕ್ಕೆ ನಾಲ್ಕು ಕರಟ. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಎರಡು, ಸಂಜೆ ಎರಡು. ಆಮೇಲಾಮೇಲೆ ಗಂಜಿ ನಿಂತಿತು, ಮೊಸರನ್ನ ನಿಂತಿತು. ಆದರೆ ಐಸು ತಿಂದ ಮೇಲೆಯೇ ಬೇರೇನಾದರೂ ಇಳಿಯುತ್ತಿದ್ದದ್ದು.

ಮಾರ್ಚ್ ಮಧ್ಯಕ್ಕೆ ಮಾವಿನ ಕಾಲ ಮುಗಿಯಿತು. ಚಿಂತೆಯಾಗುವ ಮೊದಲೇ ಕ್ಲೋಟಿಲ್ಡಾ ಬಾಯಿ ಎಲೆನಾ ಮಾಡಿದ ಪಾಕದ ಬಾಟಲಿಗಳನ್ನು ತಂದುಕೊಡಲು ಶುರು ಮಾಡಿದರು. ಹಳೆಯ ಸ್ಕ್ವಾಷ್ ಬಾಟಲಿಗಳಲ್ಲಿ ಬೆಲ್ಲದ ಬಣ್ಣದ ಹಳದಿ ಪಾಕ. ಎಲ್ಲಿಂದಲೋ ಕೊನೆಯ ಮಾವು ಹುಡುಕಿ ಮಾಡುತ್ತಿದ್ದಾಳೆ ಎಂದುಕೊಂಡೆ. ಇಲ್ಲಿ ನನ್ನ ಒಂದು ದೌರ್ಬಲ್ಯ ಹೇಳಬೇಕು. ನಾನು ಬಡಿಸುವುದನ್ನು ರುಚಿ ನೋಡುವುದಿಲ್ಲ. ಅಡುಗೆ ಮಾಡುವವರು ಬಾಯಿಗಿಟ್ಟರೆ ಎಂಜಲು, ಉಪ್ಪು ಹುಳಿಯನ್ನು ಕಣ್ಣಲ್ಲಿ, ಮೂಗಲ್ಲಿ ತಿಳಿಯಬೇಕು ಎಂದು ಅಮ್ಮ ಕಲಿಸಿದ್ದಳು. ದೇವರನ್ನು ಬಿಟ್ಟೆ, ಜನಿವಾರ ಬಿಟ್ಟೆ, ಆದರೆ ಸೌಟು ನಾಲಿಗೆಗೆ ತಾಗಿಸಲು ನನಗೆ ಇವತ್ತಿಗೂ ಆಗುವುದಿಲ್ಲ. ಮೂಗಂತೂ ಚಾಕ್‌ಪೀಸಿಗೆ ಹೋಗಿತ್ತು. ಹೀಗಾಗಿ ಐದು ವಾರದಲ್ಲಿ ಆರು ಬಾಟಲಿ ಪಾಕವನ್ನು ನನ್ನ ಕೈಯಾರೆ ಸುರಿದರೂ ಒಂದು ಹನಿಯ ರುಚಿ ನನಗೆ ಗೊತ್ತಿರಲಿಲ್ಲ.

ಏಪ್ರಿಲ್ ಮೂರನೆಯ ವಾರ ಬಂತು. ಇಪ್ಪತ್ತೆರಡನೇ ವಾರ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜಯಾ ಪ್ರತಿ ಬೆಳಿಗ್ಗೆ ಒಂದು ದಿನಕ್ಕೆ ಗೀಟು ಹಾಕುತ್ತಿದ್ದಳು. ಅವಳು ಬಚ್ಚಲಿಗೆ ಹೋದರೆ ಬರುವವರೆಗೆ ನಾನು ಪೇಪರಿನ ಒಂದೇ ಸಾಲು ಓದುತ್ತಿದ್ದೆ.

ಗುರುವಾರ ಮನೆಯಲ್ಲಿ ಕೂತಿರಲಾರದೆ, ಹೇಗೂ ಸ್ಕೂಲಿಗೆ ರಜೆ, ಎಲೆನಾಗೆ ಥ್ಯಾಂಕ್ಸ್ ಹೇಳಿ ಖಾಲಿ ಬಾಟಲಿ ಹಿಂದಿರುಗಿಸಿ ಬರುತ್ತೇನೆಂದು ಹೊರಟೆ. ಜೊತೆಗೆ ಅಮ್ಮ ಕಳಿಸಿದ್ದ ಗಂಧದ ಸೋಪಿನ ಪೆಟ್ಟಿಗೆ. “ನೀವ್ಯಾಕೆ ಹೋಗ್ತೀರ, ಕ್ಲೋಟಿಲ್ಡಾ ಬಾಯಿ ಕೈಲಿ ಕೊಟ್ಟರಾಯ್ತು,” ಎಂದು ಜಯಾ ಎರಡು ಸಲ ಹೇಳಿದಳು. ಕೇಳಲಿಲ್ಲ.

ಗಿಗಿರಿಯ ಆಫೀಸಿನಲ್ಲಿ ಎಲೆನಾ ನನ್ನ ಎರಡೂ ಕೈ ಹಿಡಿದು ಕುಲುಕಿದಳು. ನಲವತ್ತರ ಗುಂಡು ಹೆಂಗಸು, ನಗು ಮುಖ. ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ ಹೋದಳು: ನಿಮ್ಮ ಹೆಂಡತಿಗೆ ಇಷ್ಟವಾದದ್ದು ಎಷ್ಟು ಖುಷಿ, ನಿಮ್ಮ ಈ ದೇಶದ ಅನಾನಸ್‌ನಷ್ಟು ಸಿಹಿ ನಮ್ಮಲ್ಲೂ ಇಲ್ಲ, ಶನಿವಾರ ಶನಿವಾರ ಥಿಕಾ ರಸ್ತೆಗೆ ಹೋಗಿ ನಾನೇ ಆರಿಸಿ ತರುತ್ತೇನೆ.

“ಯಾವುದರಷ್ಟು?” ಎಂದೆ.

“ಅನಾನಸ್,” ಎಂದಳು. “ಆರೂ ಬಾಟಲಿ ಅದೇ. ಬೇರೆ ಯಾವುದೂ ಬೇಡ, ಅದೇ ಬೇಕು ಅಂದರಂತೆ ಅವರು.”

ಕೊನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಮೊದಲ ಪದದಲ್ಲೇ ನನ್ನ ಕಿವಿ ಮುಚ್ಚಿಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ಕ್ಲೋಟಿಲ್ಡಾ ಬಾಯಿ ಛಾವಣಿ ನೋಡುತ್ತಿದ್ದರು.

“ಮಾಸ್ಟ್ರೆ, ಕೂತ್ಕೊಳ್ಳಿ ಸ್ವಲ್ಪ. ನೀರು ಕುಡೀರಿ. ನಾನು ಹೇಳ್ತೇನೆ—”

ಸೋಪಿನ ಪೆಟ್ಟಿಗೆ ಮೇಜಿನ ಮೇಲೆ ಬಿಸಾಡಿ ಕಾರಿನ ಕಡೆ ಓಡಿದೆ.

ಲಿಮುರು ರಸ್ತೆ ಮಳೆಯಲ್ಲಿ ನೆನೆದಿತ್ತು. ನನ್ನ ಹಳೆಯ ಡಾಟ್ಸನ್ನು ಅಷ್ಟು ವೇಗ ಕಂಡೇ ಇರಲಿಲ್ಲ. ನನ್ನೊಳಗಿನ ಮೇಷ್ಟ್ರು ಪಾಠ ಮಾಡುತ್ತಲೇ ಇದ್ದ: ಮೂರ್ಖ, ಅನಾನಸ್ ತಿಂದರೆ ಗರ್ಭ ಇಳಿಯುತ್ತದೆ ಎನ್ನುವುದಕ್ಕೆ ಆಧಾರವೇನು? ಅದನ್ನು ಕುದಿಸಿ ಪಾಕ ಮಾಡಿದ್ದಾರೆ, ಹಸಿ ಹಣ್ಣೂ ಅಲ್ಲ. ಐದು ವಾರ ತಿಂದು ಏನಾಯಿತು? ಸರಿ, ಸರಿ, ಎನ್ನುತ್ತ ಕಾಲು ಮಾತ್ರ ಆಕ್ಸಿಲರೇಟರನ್ನು ಒತ್ತುತ್ತಿತ್ತು. ಇಪ್ಪತ್ತೆರಡನೇ ವಾರ, ಇಪ್ಪತ್ತೆರಡನೇ ವಾರ ಎಂದು ವೈಪರ್ ಬಡಿದುಕೊಳ್ಳುತ್ತಿತ್ತು. ಅಮ್ಮನ ಕೈಬರಹ ಕಣ್ಣಿಗೆ ಕಟ್ಟಿತು. ನಾನೇ ಕೈಯಾರೆ ತುರಿದು, ನಾನೇ ಸುರಿದು, ನಾನೇ ಚಮಚ ಕೊಟ್ಟೆ. ಚಾಮುಂಡೇಶ್ವರಿಗೆ ಹರಕೆ ಹೊತ್ತೆ. ಅಲ್ಲಿಂದ ಒಂದು ಮೈಲಿ ಮುಂದೆ, ಅವಳೊಬ್ಬಳೇ ಸಾಲದೇನೋ ಎಂದು ನಂಜನಗೂಡಿನ ನಂಜುಂಡೇಶ್ವರನಿಗೂ ಹೊತ್ತೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂತಾರಲ್ಲ, ಅದು ನಾನೇ.

ಮನೆಯ ಬಾಗಿಲು ತೆರೆದದ್ದು ಕೆಲಸದ ಮೇರಿ. ಕೈಯಲ್ಲಿ ನೆಲ ಒರೆಸುವ ಬಟ್ಟೆ. ಹಾಸಿಗೆ ಖಾಲಿ.

“ಜಯಾ ಎಲ್ಲಿ? ಮಾಮಾ ವಾಪಿ?”

“ಮಾಮಾ ಅಮೆಯೆಂಡಾ ಹೋಸ್ಪಿಟಾಲಿ,” ಎಂದಳು ಮೇರಿ ಸ್ವಾಹಿಲಿಯಲ್ಲಿ, ಅಮ್ಮ ಆಸ್ಪತ್ರೆಗೆ ಹೋದರು ಅಂತ. ಫೋನ್ ಬಂತು, ಟ್ಯಾಕ್ಸಿ ಕರೆದು ಹೊರಟುಹೋದರು, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಆಸ್ಪತ್ರೆಗೆ. ಟ್ಯಾಕ್ಸಿಯಲ್ಲಿ. ಒಬ್ಬಳೇ. ಮೇರಿ ಹಿಂದಿನಿಂದ ಏನೋ ಕೂಗುತ್ತಿದ್ದಳು, ನಾನಾಗಲೇ ಮೆಟ್ಟಿಲಿಳಿದಿದ್ದೆ. ಉಹುರು ಹೈವೇಯ ಜಾಮಿನಲ್ಲಿ ಒಂದು ಮಟಾಟು ವ್ಯಾನಿನ ಹಿಂದೆ ಹತ್ತು ನಿಮಿಷ ನಿಂತಾಗ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡೆ. ಅಪ್ಪರ್ ಹಿಲ್ಲಿನ ಆಸ್ಪತ್ರೆಯ ಅದೇ ಮೆಟ್ಟಿಲು, ಅದೇ ಫಿನಾಯಿಲು ಹಾಕಿ ಒರೆಸಿದ ಉದ್ದನೆಯ ವರಾಂಡ. ಕಳೆದ ಸಲ ಇಲ್ಲೇ, ಈ ಹಸಿರು ಬೆಂಚಿನ ಮೇಲೆ ಕೂತಿದ್ದೆ.

ಆ ಬೆಂಚಿನ ಮೇಲೆ ಜಯಾ ಕೂತಿದ್ದಳು. ಬಾಳೆಹಣ್ಣು ಸುಲಿಯುತ್ತಿದ್ದಳು.

“ಏನ್ರೀ ಇದು, ಇಲ್ಲಿಗೆ ಹೇಗೆ ಬಂದ್ರಿ? ಹಣೆಗೇನಾಯ್ತು?”

ಗೋಡೆ ಹಿಡಿದುಕೊಂಡೆ.

“ಡಾಕ್ಟರು ನಾಳೆ ಮೊಂಬಾಸಾಕ್ಕೆ ಹೋಗ್ತಾರಂತೆ. ಅದಕ್ಕೆ ನಾಳೆಯ ಚೆಕಪ್ ಇವತ್ತೇ ಮಾಡ್ತೀನಿ ಬನ್ನಿ ಅಂತ ನರ್ಸ್ ಫೋನ್ ಮಾಡಿದ್ರು. ನಿಮಗೆ ಹೇಳು ಅಂತ ಮೇರಿಗೆ ಹೇಳಿದ್ನಲ್ಲ. ಎಲ್ಲಾ ಆಯ್ತು. ಎದೆಬಡಿತ ಕೇಳಿಸಿದ್ರು ರೀ. ಟಪಟಪ ಅಂತ ಏನು ಜೋರು ಗೊತ್ತಾ! ನಾಲ್ಕು ಕಿಲೋ ಏರಿದೀನಿ.”

ಹೋದ ಜೀವ ಬಂದಂತಾಯಿತು. ಅವಳ ಪಕ್ಕದಲ್ಲಿ ಕುಸಿದು ಕೂತೆ. ಕೂತವನು ಸುಮ್ಮನಿರಬಹುದಿತ್ತು, ಆದರೆ ನನ್ನ ನಾಲಿಗೆಗೆ ಮೂಳೆಯಿಲ್ಲ.

“ಜಯಾ, ಅದು ಮಾವು ಅಲ್ಲ. ಅನಾನಸ್. ಆರು ಬಾಟಲಿ. ನನಗೆ ಗೊತ್ತಿರಲಿಲ್ಲ, ನನ್ನಾಣೆಗೂ ಗೊತ್ತಿರಲಿಲ್ಲ.”

ಅವಳು ಬಾಳೆಹಣ್ಣಿನ ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ನುಂಗಿದಳು.

“ನನಗೆ ಗೊತ್ತಿತ್ತು,” ಎಂದಳು.

ಅಷ್ಟರಲ್ಲಿ ಡಾಕ್ಟರ್ ವಲೇರಿಯನ್ ಹೊರಬಂದರು. ನನ್ನ ಮುಖ ನೋಡಿ ಪೇಷೆಂಟ್ ಯಾರು ಎಂದು ಅನುಮಾನ ಬಂದಿರಬೇಕು. ನಾನು ತೊದಲುತ್ತ ಅನಾನಸ್ಸಿನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು.

“ಮಾಸ್ಟ್ರೆ, ನನ್ನ ಅಮ್ಮನೂ ಇದನ್ನೇ ಹೇಳುದು. ನೀರೇ ನಿಲ್ಲದ ಹೆಂಗಸಿಗೆ ನೀರು, ಸಕ್ಕರೆ ಎರಡನ್ನೂ ಹೊಟ್ಟೆಗೆ ಇಳಿಸಿದ್ದು ಆ ಐಸು. ದಿನಾ ಒಂದು ಬಟ್ಟಲು ಅನಾನಸ್ ಪಾಕಕ್ಕೆ ಮಗು ಬೀಳುದಿಲ್ಲ. ಮೊದಲು ಹೋದದ್ದು ಯಾಕೆ ಅಂತ ನಾನು ನಿಮಗೆ ಆವತ್ತೇ ಹೇಳಿದ್ದೆ. ಅದು ತಿಂದದ್ದರಿಂದ ಅಲ್ಲ. ನೀವು ಕೇಳಿಸಿಕೊಂಡದ್ದು ಎಂತ?”

ಮನೆಗೆ ವಾಪಸು ಬರುವಾಗ ಮಳೆ ನಿಂತಿತ್ತು. ಜಯಾ ಕಿಟಕಿಯ ಗಾಜು ಇಳಿಸಿ ಕೂತಿದ್ದಳು. ಹೈವೇಯ ಜಾಮು ಹಾಗೇ ಇತ್ತು, ಈಗ ಅದರ ಮೇಲೆ ನನಗೇನೂ ಸಿಟ್ಟಿರಲಿಲ್ಲ.

“ಮೊದಲನೇ ಚಮಚದಲ್ಲೇ ಗೊತ್ತಾಯ್ತು,” ಎಂದಳು ಅವಳು. “ಕ್ಲೋಟಿಲ್ಡಾ ಬಾಯಿ ಹೆದರಿಬಿಟ್ಟರು. ಅಯ್ಯೋ, ಎಲೆನಾಗೆ ಹೇಳೋಕೆ ಮರೆತೆ, ಬಿಸಾಡ್ತೇನೆ ಅಂದ್ರು. ನಾನೇ ಬೇಡ ಅಂದೆ. ಬಾಯಿಗೆ ಅಷ್ಟು ಚೆನ್ನಾಗಿತ್ತು ರೀ. ಇನ್ಮೇಲೆ ಇದನ್ನೇ ಕಳಿಸೋಕೆ ಹೇಳಿ, ಇವರಿಗೆ ಮಾತ್ರ ಹೇಳ್ಬೇಡಿ ಅಂದೆ.”

“ನನಗೆ ಯಾಕೆ ಹೇಳಲಿಲ್ಲ? ನಾನೇನು ಅದನ್ನೆಲ್ಲ ನಂಬ್ತೀನಾ?”

ಅವಳು ನನ್ನ ಹಣೆಯ ಕೆಂಪು ಗೀರಿನ ಕಡೆ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ.

“ಮೊದಲೆರಡು ಸಲ ಎಲ್ಲಾ ಬಿಟ್ಟಿದ್ದೆ,” ಎಂದಳು. “ಪರಂಗಿ ಮುಟ್ಟಲಿಲ್ಲ. ಅನಾನಸ್ ಮೂಸಿ ಕೂಡ ನೋಡಲಿಲ್ಲ. ಎಳ್ಳು ಅಂತ ಚಟ್ನಿಪುಡಿ ಬಿಟ್ಟೆ. ಅತ್ತೆ ಬರೆದಿದ್ದ ಪಟ್ಟಿ ಅಡುಗೆಮನೇಲಿ ಅಂಟಿಸಿಕೊಂಡಿದ್ದೆ. ಆದ್ರೂ ಹೋಯ್ತು. ಹೋದ ಮೇಲೆ ಎಲ್ಲರೂ ಕೇಳಿದ್ರು. ಎಷ್ಟು ಕೇಳಿದ್ರು ಅಂದ್ರೆ, ನಾನೇ ಮಲಗಿಕೊಂಡು ಯೋಚನೆ ಮಾಡ್ತಿದ್ದೆ, ಯಾರದೋ ಮನೇಲಿ ಗೊತ್ತಿಲ್ದೆ ಏನಾದ್ರೂ ತಿಂದ್ಬಿಟ್ನಾ ಅಂತ. ಈಗ ಹೇಳಿ. ಐದು ವಾರ ದಿನಾ ತಿಂದೆ. ಇದು ಗಟ್ಟಿಯಾಗಿ ಕೂತಿದೆ. ಹಾಗಾದ್ರೆ ಅವೆರಡೂ ನಾನು ತಿಂದಿದ್ದರಿಂದ ಹೋಗಲಿಲ್ಲ, ಅಲ್ವಾ?”

ಒಂದು ವಿಷಯ ನಾನು ಇಲ್ಲಿಯವರೆಗೆ ಹೇಳಿಲ್ಲ. ಎರಡನೆಯ ಸಲ, ಆ ಹಸಿರು ಬೆಂಚಿನಿಂದ ಎದ್ದು ನಾನು ವಾರ್ಡಿನೊಳಗೆ ಹೋದಾಗ, ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಡಾಕ್ಟರು ಕಾರಣವನ್ನೆಲ್ಲ ವಿವರಿಸಿ ಹೋಗಿ ಐದು ನಿಮಿಷವಾಗಿರಲಿಲ್ಲ. ನಾನು ಅವಳ ತಲೆಯ ಹತ್ತಿರ ಬಗ್ಗಿ ಕೇಳಿದ ಮೊದಲ ಮಾತು: “ಏನಾದ್ರೂ ತಿಂದಿದ್ಯಾ?” ಸೋಫಾದ ಮೇಲೆ ಕೂತು ಕೇಳಿದವರನ್ನೆಲ್ಲ ಬೈದೆ, ಅಮ್ಮನ ಪತ್ರ ಹರಿದೆ. ಆ ಸಲ ಎಲ್ಲರಿಗಿಂತ ಮೊದಲು ಕೇಳಿದವನು ನಾನೇ. ಅದನ್ನು ಅವಳು ಮರೆತಿರಬಹುದು ಎಂದುಕೊಂಡಿದ್ದೆ.

“ಅಲ್ಲ,” ಎಂದೆ ಕೊನೆಗೆ. “ನೀನು ತಿಂದಿದ್ದರಿಂದ ಅಲ್ಲ.”

ಅವಳು ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಉಸಿರು ಉದ್ದವಾಗಿ ಹೊರಬಂತು. ಎರಡು ವರ್ಷದಿಂದ ಅವಳು ಆ ಉಸಿರನ್ನು ಹಿಡಿದುಕೊಂಡಿದ್ದಳು ಎಂದು ನನಗೆ ಆಗ ಗೊತ್ತಾಯಿತು.

ಮನೆಗೆ ಬಂದು ನಾನು ಫ್ರೀಜರಿನಿಂದ ಎರಡು ಕರಟ ತೆಗೆದು ಕಟ್ಟೆಯ ಮೇಲಿಟ್ಟೆ. ಬೆವರುವವರೆಗೆ ಕಾಯಬೇಕಲ್ಲ, ಆ ಐದು ನಿಮಿಷ ಏನು ಮಾಡುವುದೆಂದು ತಿಳಿಯದೆ ಕಾಲುಚೀಲವನ್ನು ಕೈಗೆ ಹಾಕಿ ತೆಗೆದೆ, ಮತ್ತೆ ಹಾಕಿದೆ. ಜಯಾ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು.

“ಅವತ್ತು ವಾರ್ಡಲ್ಲಿ,” ಎಂದೆ, ಅವಳ ಕಡೆ ನೋಡದೆ. “ನಾನು ಹಾಗೆ ಕೇಳಬಾರದಿತ್ತು.”

“ಕೇಳಬಾರದಿತ್ತು,” ಎಂದಳು.

ಪರವಾಗಿಲ್ಲ ಎನ್ನಲಿಲ್ಲ. ಅಳಲೂ ಇಲ್ಲ. ನಾನು ಮಣೆಯ ಮೇಲೆ ಕೂತು ತುರಿಯತೊಡಗಿದೆ. ಬಟ್ಟಲು ತುಂಬಿಸಿ ಅರ್ಧ ಉಳಿದಿದ್ದ ಬಾಟಲಿಯಿಂದ ಪಾಕ ಸುರಿದು ಅವಳ ಕೈಗೆ ಕೊಟ್ಟೆ. ಅವಳು ಒಂದು ಚಮಚ ತಿಂದು, ಅದೇ ಚಮಚದಲ್ಲಿ ಇನ್ನೊಂದು ತುಂಬಿ ನನ್ನ ಬಾಯಿಯ ಹತ್ತಿರ ಹಿಡಿದಳು. ಎಂಜಲು. ನಾನು ಬಾಯಿ ತೆರೆದೆ. ತಣ್ಣಗೆ, ಸಿಹಿಯಾಗಿ, ಹಿಂದೆಯೇ ಹುಳಿ. ವಾಸನೆ ಹತ್ತದ ನನ್ನಂಥವನಿಗೂ ಅದು ಅನಾನಸ್ ಎಂದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

“ಉಪ್ಪು ಒಂಚೂರು ಕಡಿಮೆ,” ಎಂದೆ.

“ಈಗ ಹೇಳಿ,” ಎಂದಳು ಜಯಾ, ನಗುತ್ತ. “ಆರು ಬಾಟಲಿ ಆದ್ಮೇಲೆ.”

ಶುಕ್ರವಾರ, ಶನಿವಾರ, ಭಾನುವಾರ ಕಳೆದವು. ಭಾನುವಾರದ ಮೇಲೆ ಗೀಟೆಳೆದು ಅವಳು ಪೆನ್ಸಿಲನ್ನು ಡ್ರಾಯರಿಗೆ ಹಾಕಿದಳು. ಮತ್ತೆ ತೆಗೆಯಲಿಲ್ಲ. ಅವತ್ತು ಮಧ್ಯಾಹ್ನ ಕ್ಲೋಟಿಲ್ಡಾ ಬಾಯಿಗೆ ನಾನೇ ಹೋಗಿ ಹೇಳಿದೆ, ಇನ್ನು ಮೀನು ಮಾಡಿಕೊಳ್ಳಿ ಎಂದು. ಒಂದು ಗಂಟೆಯೊಳಗೆ ಇಡೀ ಮೆಟ್ಟಿಲಿನಲ್ಲಿ ಬಂಗುಡೆಯ ವಾಸನೆ ತುಂಬಿತು ಎಂದು ಜಯಾ ಹೇಳಿದಳು, ಅದೂ ಮೊಸರನ್ನ ಉಣ್ಣುತ್ತಲೇ.

ಆಗಸ್ಟಿನಲ್ಲಿ ಮಗಳು ಹುಟ್ಟಿದಳು. ಮೂರು ಕಿಲೋ ಇನ್ನೂರು ಗ್ರಾಂ, ತಲೆ ತುಂಬ ಕೂದಲು, ನನ್ನಂತೆಯೇ ಕೋಪ. ಫೋಟೋ ಮೈಸೂರಿಗೆ ಹೋಯಿತು. ಹದಿನೈದು ದಿನಕ್ಕೆ ಅಮ್ಮನ ಏರೋಗ್ರಾಮ್ ಬಂತು. ಓದುತ್ತ ಓದುತ್ತ ನನಗೆ ನಗು ತಡೆಯಲಾಗಲಿಲ್ಲ. ‘ಕೂಸು ಎಷ್ಟು ಲಕ್ಷಣವಾಗಿದೆ, ದೃಷ್ಟಿ ತಾಗೀತು. ಬಸುರಿನಲ್ಲಿ ಅವಳು ಏನು ತಿಂದಿದ್ದಳು? ತಪ್ಪದೆ ಬರೆ, ನಿನ್ನ ತಂಗಿಗೂ ಹೇಳಬೇಕು.’

ಜಯಾ ಮಗುವಿಗೆ ಹಾಲು ಕೊಡುತ್ತಿದ್ದಳು. ನಾನು ಪೆನ್ನು ತೆಗೆದು ಹೊಸ ಏರೋಗ್ರಾಮ್ ಬಿಡಿಸಿಕೊಂಡು ಕೂತೆ.

“ಏನಂತ ಬರೀಲಿ? ಹಣ್ಣು ಹಂಪಲು ಅಂತ ಬರೆದುಬಿಡ್ಲಾ? ಪಾಪ, ವಯಸ್ಸಾದವಳು, ಹೆದರಿಕೊಂಡಾಳು.”

ಅವಳು ಮಗುವಿನ ತಲೆ ಸವರಿದಳು.

“ಎರಡು ಸಲ ಕೇಳಿದ್ರಲ್ಲ ಅತ್ತೆ, ಆಗ ಹೇಳೋಕೆ ನನ್ನ ಹತ್ರ ಏನೂ ಇರಲಿಲ್ಲ. ಈಗ ಇದೆ. ಅನಾನಸ್ ಅಂತಲೇ ಬರೀರಿ,” ಎಂದಳು. “ದೊಡ್ಡ ಅಕ್ಷರದಲ್ಲಿ ಬರೀರಿ.”